ಬೀದರ ಸೀಮೆಯ ಚೈತ್ರಯಾತ್ರೆ

ಶಬ್ದಗಳ ಪ್ರವಾಸವು ಕೆಲವೊಮ್ಮೆ ಮನುಷ್ಯರ ಪ್ರವಾಸಕ್ಕಿಂತ ವಿಚಿತ್ರವಾಗಿರುತ್ತದೆ. ಥಾಯ್ ದೇಶದವರು ತಮ್ಮ ಸಾಂಪ್ರದಾಯಿಕ ಹೊಸವರ್ಷದ ಹಬ್ಬವನ್ನು ‘ಸೊಂಗ್‌ಕ್ರಾನ್’ ಎಂದು ಕರೆಯುತ್ತಾರೆ. ಕಿವಿಗೆ ಪರಕೀಯವಾಗಿ ಕೇಳುವ ಈ ಹೆಸರು ನಮ್ಮ ‘ಸಂಕ್ರಾಂತಿ’ಯೇ ಹೊರತು ಬೇರೆಯಲ್ಲ. ಸೂರ್ಯನು ಮೇಷರಾಶಿಯನ್ನು ಪ್ರವೇಶಿಸುವ ಕಾಲವೇ ಅವರಿಗೆ ವರ್ಷದ ಬಾಗಿಲು. 1941ರಿಂದ ಅಲ್ಲಿ ಸರ್ಕಾರದ ವರ್ಷವು ಜನವರಿ 1ಕ್ಕೆ ಆರಂಭವಾಗುತ್ತದೆಯಾದರೂ ಜನರ ವರ್ಷವು ಏಪ್ರಿಲ್ 13ನ್ನು ಬಿಟ್ಟು ಕದಲಿಲ್ಲ. ಆ ಮೂರು ದಿನ ಬೀದಿಬೀದಿಗಳಲ್ಲಿ ಜನರು ಒಬ್ಬರ ಮೇಲೊಬ್ಬರು ನೀರೆರಚಿ ನಲಿಯುತ್ತಾರೆ. ದೂರದ ದೇಶಗಳಿಂದ ಪ್ರವಾಸಿಗಳು ಈ ನೀರಾಟವನ್ನು ನೋಡಲೆಂದೇ, ನೋಡುವುದಕ್ಕಿಂತ ಹೆಚ್ಚಾಗಿ ನೆನೆಯಲೆಂದೇ, ಅಲ್ಲಿಗೆ ಹೋಗುತ್ತಾರೆ. 2023ರ ಡಿಸೆಂಬರಿನಲ್ಲಿ ಯುನೆಸ್ಕೊ ಸಂಸ್ಥೆಯು ಈ ಹಬ್ಬವನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಬೀದಿಯ ಗದ್ದಲದ ಹಿಂದೆ ಈ ಹಬ್ಬಕ್ಕೆ ಶಾಂತವಾದ ಮತ್ತೊಂದು ಮುಖವುಂಟು. ಅಂದು ಬೆಳಗ್ಗೆ ಕಿರಿಯರು ಹೂವಿನ ಪರಿಮಳ ಬೆರೆಸಿದ ನೀರನ್ನು ಬುದ್ಧನ ವಿಗ್ರಹಕ್ಕೆ ಎರೆಯುತ್ತಾರೆ. ಅನಂತರ ಮನೆಯ ಹಿರಿಯರ ಅಂಗೈಗಳ ಮೇಲೆ ಅದನ್ನೇ ಮೆಲ್ಲಗೆ ಸುರಿದು ಆಶೀರ್ವಾದ ಬೇಡುತ್ತಾರೆ. ಹಬ್ಬದ ಮೂಲವನ್ನು ಹೇಳುವ ಕಥೆಯೊಂದೂ ಇದೆ. ಕಪಿಲಬ್ರಹ್ಮನೆಂಬ ದೇವತೆಯು ಒಬ್ಬ ಜಾಣ ಹುಡುಗನಿಗೆ ಒಗಟನ್ನೊಡ್ಡಿ, ಪಂಥದಲ್ಲಿ ಸೋತು, ತನ್ನ ತಲೆಯನ್ನೇ ಒಪ್ಪಿಸಬೇಕಾಗುತ್ತದೆ. ಆದರೆ ಆ ತಲೆ ನೆಲಕ್ಕೆ ಬಿದ್ದರೆ ಭೂಮಿ ಹೊತ್ತಿ ಉರಿಯುತ್ತದೆ. ಆಕಾಶಕ್ಕೆಸೆದರೆ ಮಳೆ ನಿಂತುಹೋಗುತ್ತದೆ. ಕಡಲಿಗೆ ಹಾಕಿದರೆ ಕಡಲು ಬತ್ತುತ್ತದೆ. ಆದುದರಿಂದ ಅವನ ಏಳು ಮಂದಿ ಹೆಣ್ಣುಮಕ್ಕಳು ಅದನ್ನು ಗುಹೆಯೊಂದರಲ್ಲಿ ಕಾಪಾಡಿ, ವರ್ಷಕ್ಕೊಬ್ಬಳಂತೆ ಸಂಕ್ರಾಂತಿಯಂದು ಹೊತ್ತು ಮೆರೆಸುತ್ತಾರೆ. ನೀರೆರಚುವ ಸಂಭ್ರಮದ ಬುಡದಲ್ಲಿರುವುದು ನೀರು ಇಲ್ಲದೆ ಹೋದೀತೆಂಬ ಭಯ ಎಂಬುದನ್ನು ಈ ಕಥೆಯಿಂದ ಊಹಿಸಬಹುದು. ಉರಿಬೇಸಗೆಯ ನಡುವೆ ವರ್ಷವನ್ನು ಆರಂಭಿಸುವ ಜನರಿಗೆ ನೀರಿಗಿಂತ ದೊಡ್ಡ ಮಂಗಳದ್ರವ್ಯ ಯಾವುದಿದ್ದೀತು?

ಈ ಮೇಷ ಸಂಕ್ರಮಣವು ತುಳುನಾಡಿನಲ್ಲಿ ಬಿಸುವಾಗಿ, ಕೇರಳದಲ್ಲಿ ವಿಷುವಾಗಿ, ಪಂಜಾಬಿನಲ್ಲಿ ಬೈಸಾಖಿಯಾಗಿ ನಮ್ಮಲ್ಲೂ ನಡೆದು ಬಂದಿದೆ. ಚಾಂದ್ರಮಾನವನ್ನನುಸರಿಸುವ ಉಳಿದ ಕನ್ನಡಿಗರಿಗೆ ಚೈತ್ರ ಶುದ್ಧ ಪಾಡ್ಯವೇ ಯುಗಾದಿ. ಆದರೆ ಸೂರ್ಯನ ಹೊಸವರ್ಷವನ್ನೂ ಚಂದ್ರನ ಹೊಸವರ್ಷವನ್ನೂ ಒಂದೇ ಊರಿನಲ್ಲಿ, ಕೆಲವು ದಿನಗಳ ಅಂತರದಲ್ಲಿ ಕಾಣಬೇಕೆನ್ನುವವರು ಕನ್ನಡನಾಡಿನ ಉತ್ತರದ ತುದಿಗೆ, ಬೀದರ ಸೀಮೆಗೆ ಹೋಗಬೇಕು. ಅಲ್ಲಿ ನೀರೆರಚುವುದಿಲ್ಲ. ಎರಚುವಷ್ಟು ನೀರು ಆ ನಾಡಿಗೆ ಚೈತ್ರದಲ್ಲಿ ಇರುವುದೂ ಇಲ್ಲ. ಆದರೂ ಅಲ್ಲಿಯ ಹೊಸವರ್ಷವು ನೀರಿನದೇ ಹಬ್ಬ. ಅದು ಹೇಗೆಂಬುದನ್ನು 2024ರ ಏಪ್ರಿಲ್ ತಿಂಗಳ ಒಂದು ವಾರದಲ್ಲಿ ನಾನು ಕಂಡೆನು.

ಆ ವಾರವೇ ಅಪರೂಪದ್ದಾಗಿತ್ತು. ಏಪ್ರಿಲ್ 8 ಅಮಾವಾಸ್ಯೆ. 9 ಕ್ರೋಧಿ ಸಂವತ್ಸರದ ಯುಗಾದಿ. ಅದೇ ಅಮಾವಾಸ್ಯೆಯನ್ನು ಕಳೆದು ಮೂಡಿದ ಎಳೆಯ ಚಂದ್ರನನ್ನು 10ರ ಸಂಜೆ ನೋಡಿ, ಮುಸ್ಲಿಮರು 11ರಂದು ರಮಜಾನ್ ಹಬ್ಬವನ್ನಾಚರಿಸಿದರು. 13ರಂದು ಬೈಸಾಖಿ, ಥಾಯ್ ದೇಶದ ಸಂಕ್ರಾಂತಿಯೂ ಅಂದೇ. ಹಿಜರಿ ಪಂಚಾಂಗವು ವರ್ಷವರ್ಷವೂ ಸುಮಾರು ಹನ್ನೊಂದು ದಿನ ಹಿಂದೆ ಸರಿಯುವುದರಿಂದ ಇಂತಹ ಸಮಾಗಮವು ಮೂವತ್ತು ಮೂವತ್ತೆರಡು ವರ್ಷಗಳಿಗೊಮ್ಮೆ ಒದಗುವಂಥದು. ಇನ್ನೊಂದು ಕಾರಣದಿಂದಲೂ ಆ ವರ್ಷ ನೆನಪಿನಲ್ಲಿ ಉಳಿಯತಕ್ಕದ್ದು. 2023ರಲ್ಲಿ ಮುಂಗಾರು ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾಗಿದ್ದವು. ನಾನು ವಾಸಿಸುವ ಬೆಂಗಳೂರಿನಲ್ಲಿ ಕೊಳವೆಬಾವಿಗಳು ಒಣಗಿ, ಕುಡಿಯುವ ನೀರಿನಲ್ಲಿ ವಾಹನ ತೊಳೆಯಬಾರದೆಂದೂ ಹೋಳಿಯ ಕುಣಿತಗಳಿಗೆ ಕಾವೇರಿಯ ನೀರನ್ನು ಬಳಸಬಾರದೆಂದೂ ಆಜ್ಞೆಯಾಗಿತ್ತು. ಟ್ಯಾಂಕರಿನ ನೀರಿಗೆ ಕಾದು ನಿಂತು, ಕೊಡಗಳನ್ನು ಎಣಿಸಿಟ್ಟು, ಮನೆಗೆ ಬಂದವರಿಗೆ ನೀರು ಕೊಡುವಾಗಲೂ ಒಳಗೊಳಗೆ ಲೆಕ್ಕ ಹಾಕುವ ಮನಸ್ಸು ನಮ್ಮದಾಗಿತ್ತು. ಅಂತಹ ಮನಸ್ಸನ್ನು ಹೊತ್ತು ನಾನು ನಮಗಿಂತ ಹೆಚ್ಚು ಬಾಯಾರಿದ ಸೀಮೆಗೆ ಹೊರಟಿದ್ದೆನು.

ಭಾಲ್ಕಿಯ ಬೇವು

ಬೀದರ ನಗರವು ಸಮುದ್ರಮಟ್ಟದಿಂದ ಎರಡು ಸಾವಿರದ ಇನ್ನೂರು ಅಡಿಗಳಷ್ಟು ಎತ್ತರದ ಕೆಂಪು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಅಂಚಿನಲ್ಲಿದೆ. ಅಲ್ಲಿಂದ ರೈಲಿನಲ್ಲಿ ವಾಯವ್ಯಕ್ಕೆ ಹೊರಟರೆ ಹಲಬರ್ಗಾ ದಾಟುವಷ್ಟರಲ್ಲಿ ಕೆಂಪು ಮಣ್ಣು ಹಿಂದೆ ಉಳಿದು ಎರೆಯ ಭೂಮಿ ಹರಡಿಕೊಳ್ಳುತ್ತದೆ. ಚೈತ್ರದಲ್ಲಿ ಆ ಹೊಲಗಳ ನೋಟವನ್ನು ಕಂಡವರೇ ಬಲ್ಲರು. ಜೋಳದ ಕೊಯ್ಲು ಮುಗಿದಿದೆ. ತೊಗರಿಯ ಕಟ್ಟಿಗೆಗಳೂ ಮನೆ ಸೇರಿವೆ. ನೆಲವು ಅಂಗೈ ತೂರುವಷ್ಟು ಅಗಲಕ್ಕೆ ಬಿರಿದಿದೆ. ಹಸಿರೆಂಬುದು ಉಳಿದಿರುವುದು ಬದುವಿನ ಬೇವಿನ ಮರಗಳಲ್ಲಿ ಮಾತ್ರ. ಉಳಿದೆಲ್ಲ ಗಿಡಗಳೂ ಸೋತು ನಿಂತಾಗ ಹೊಸ ಚಿಗುರನ್ನೂ ಹೂವನ್ನೂ ತಳೆದು ನಿಲ್ಲುವ ಮರವನ್ನೇ ಹಿರಿಯರು ಹೊಸವರ್ಷಕ್ಕೆ ಆರಿಸಿಕೊಂಡದ್ದು ಏಕೆಂಬುದು ಅಲ್ಲಿ ವಿವರಣೆಯಿಲ್ಲದೆಯೇ ತಿಳಿಯುತ್ತದೆ.

ಭಾಲ್ಕಿಯಲ್ಲಿ ನನ್ನ ಸ್ನೇಹಿತರೊಬ್ಬರು ಅಧ್ಯಾಪಕರು. ಯುಗಾದಿಯ ಬೆಳಗ್ಗೆ ಅವರ ಮನೆಯ ಹೊಸ್ತಿಲು ದಾಟಿದೊಡನೆ ಅವರ ತಾಯಿಯವರು, “ಕೂಡ್ರಿ ಸರ್, ಬಿಸಲಾಗ ಬಂದೀರಿ. ಮೊದಲ ಬೇವು ಕುಡೀರಿ, ಆಮ್ಯಾಲ ಮಾತು” ಎಂದರು. ಮೈಸೂರು ಸೀಮೆಯಲ್ಲಿ ಹುಟ್ಟಿದ ನನಗೆ ಬೇವು ‘ಕುಡಿಯುವ’ ವಸ್ತುವೆಂಬುದು ಹೊಸ ಮಾತು. ನಮ್ಮ ಕಡೆ ಬೇವುಬೆಲ್ಲವೆಂದರೆ ದೇವರ ಮುಂದಿನ ಬಟ್ಟಲಿನಿಂದ ಎತ್ತಿಕೊಳ್ಳುವ ಒಂದು ಚಿಟಿಕೆ. ಕಹಿಯನ್ನು ನಾಲಗೆಗೆ ತೋರಿಸಿ ಬೇಗ ನುಂಗಿಬಿಡುತ್ತೇವೆ. ಕಲಬುರಗಿ ಬೀದರಗಳ ಕಡೆ ಅದು ಗಡಿಗೆ ತುಂಬ ಮಾಡುವ ಪಾನಕ. ಕುಂಬಾರರ ಮನೆಯಿಂದ ತಂದ ಹೊಸ ಗಡಿಗೆಯಲ್ಲಿ ನೀರು ತುಂಬಿ, ಹುಣಸೆಯ ಹುಳಿಯನ್ನೂ ಬೆಲ್ಲವನ್ನೂ ಕದಡಿ, ಹೆಚ್ಚಿದ ಮಾವಿನಕಾಯಿ, ಬೇವಿನ ಹೂವು, ಪುಟಾಣಿ, ಕೊಬ್ಬರಿ, ಉತ್ತತ್ತಿ, ದ್ರಾಕ್ಷಿಗಳನ್ನು ಹಾಕುತ್ತಾರೆ. ಹೊಸ ಮಣ್ಣಿನ ವಾಸನೆ ಅದಕ್ಕೆ ತಾನಾಗಿಯೇ ಸೇರುತ್ತದೆ. ಒಂದೇ ಗುಟುಕಿನಲ್ಲಿ ಹುಳಿ, ಸಿಹಿ, ಒಗರು, ಕಹಿಗಳೆಲ್ಲ ಬಂದುಹೋಗಿ ಕಡೆಗೆ ಉಳಿಯುವುದು ಗಂಟಲಿನ ತಂಪು.

ನಾನು ಕುಳಿತಿದ್ದ ಒಂದು ತಾಸಿನಲ್ಲಿ ಹಾಲು ಕೊಡುವವನು, ಪಕ್ಕದ ಓಣಿಯ ಮಕ್ಕಳು, ಹೊಲದ ಆಳು, ದಾರಿ ಕೇಳಲು ಬಂದ ಅಪರಿಚಿತನೊಬ್ಬ, ಹೀಗೆ ಬಂದವರೆಲ್ಲರಿಗೂ ಆ ಗಡಿಗೆಯಿಂದ ಲೋಟಗಳು ತುಂಬಿ ಬಂದವು. ಗಡಿಗೆಯು ಬರಿದಾಗುತ್ತ ಬಂದಂತೆ ನನ್ನ ಬೆಂಗಳೂರಿನ ಮನಸ್ಸು ಲೆಕ್ಕಕ್ಕಿಳಿಯಿತು. “ಅಮ್ಮಾ, ಈ ಸಲ ನೀರಿನ ತೊಂದರೆಯಿಲ್ಲವೇ?” ಎಂದು ಕೇಳಿದೆನು. ಆಕೆ ನಕ್ಕು, “ತೊಂದ್ರಿ ಯಾವ ಬ್ಯಾಸಗಿಗಿ ಇಲ್ಲರಿ? ಬಳಸೂ ನೀರಿಗಿ ಲೆಕ್ಕ ಅದ. ಕುಡಿಸೂ ನೀರಿಗಿ ಲೆಕ್ಕ ಹಚ್ಚಬಾರ್ದು” ಎಂದರು. ಬಳಸುವ ನೀರು, ಕುಡಿಸುವ ನೀರು: ಅರ್ಥಶಾಸ್ತ್ರದ ಯಾವ ಗ್ರಂಥದಲ್ಲೂ ಇಷ್ಟು ಸ್ಪಷ್ಟವಾದ ವಿಭಾಗವನ್ನು ನಾನು ಓದಿದ ನೆನಪಿಲ್ಲ.

ಭಾಲ್ಕಿಯ ಹೆಸರನ್ನೆತ್ತಿದ ಕನ್ನಡ ಅಧ್ಯಾಪಕನು ಅಲ್ಲಿಯ ಹಿರೇಮಠದ ಚನ್ನಬಸವ ಪಟ್ಟದ್ದೇವರನ್ನು ನೆನೆಯದೆ ಮುಂದೆ ಹೋಗಲಾರನು. 1890ರಲ್ಲಿ ಕಮಲನಗರದಲ್ಲಿ ಹುಟ್ಟಿ 1999ರವರೆಗೆ ಬಾಳಿದ ಆ ಶತಾಯುಷಿಗಳು, ನಿಜಾಮರ ಆಳ್ವಿಕೆಯಲ್ಲಿ ಶಾಲೆಯ ಹೊರಗೆ ಉರ್ದು ಹಲಗೆ ತೂಗಿಸಿ ಒಳಗೆ ಕನ್ನಡ ಕಲಿಸಿದರೆಂಬುದು ಆ ಸೀಮೆಯಲ್ಲಿ ಎಲ್ಲರ ಬಾಯಲ್ಲಿರುವ ಮಾತು. ಬೇಸಗೆಯಲ್ಲಿ ಬೇವು ಚಿಗುರುವಂತೆ, ಒಣಗಿದ ಕಾಲದಲ್ಲಿ ಒಂದು ಭಾಷೆಗೆ ನೀರೆರೆದವರು ಅವರು.

ಔರಾದದ ಗುಡಿ

ಅಂದೇ ಮಧ್ಯಾಹ್ನ ಮಾಂಜರಾ ನದಿಯನ್ನು ದಾಟಿ ಕಮಲನಗರದ ಮಾರ್ಗವಾಗಿ ಔರಾದಕ್ಕೆ ಹೋದೆವು. ಅಮರೇಶ್ವರನ ಗುಡಿಯಿರುವ ಈ ಊರು ನಮ್ಮ ರಾಜ್ಯದ ಉತ್ತರದ ಕೊನೆಯ ತಾಲ್ಲೂಕು ಕೇಂದ್ರಗಳಲ್ಲೊಂದು. ಇಲ್ಲಿ ಯುಗಾದಿಯು ‘ಪಾಡವಾ’ ಎಂಬ ಇನ್ನೊಂದು ಹೆಸರನ್ನೂ ಪಡೆಯುತ್ತದೆ. ಮರಾಠಿ ಮಾತನಾಡುವ ಮನೆಗಳ ಮುಂದೆ ಉದ್ದನೆಯ ಬಿದಿರುಗಳು ಎದ್ದು ನಿಂತಿದ್ದವು. ತುದಿಗೆ ಜರಿಯಂಚಿನ ರೇಷ್ಮೆ ವಸ್ತ್ರ, ಬೇವಿನ ತೊಂಗಲು, ಮಾವಿನ ಎಲೆ, ಸಕ್ಕರೆಯ ಸರ. ಅವೆಲ್ಲದರ ಮೇಲೆ ಬೋರಲಾಗಿ ಹಾಕಿದ ತಾಮ್ರದ ತಂಬಿಗೆ. ಇದೇ ಅವರ ‘ಗುಡಿ’. ಕನ್ನಡದಲ್ಲಿ ದೇವಾಲಯಕ್ಕೆ ಸಲ್ಲುವ ಶಬ್ದವು ಇಲ್ಲಿ ಬಾವುಟಕ್ಕೆ ಸಲ್ಲುತ್ತದೆ. ಶಾಲಿವಾಹನನ ವಿಜಯದ ಧ್ವಜವೆಂದು ಕೆಲವರೂ ರಾಮನು ಅಯೋಧ್ಯೆಗೆ ಮರಳಿದ ಸಂತೋಷದ ಗುರುತೆಂದು ಕೆಲವರೂ ಹೇಳುತ್ತಾರೆ. ಸೂರ್ಯ ಮುಳುಗುವ ಮುನ್ನ ಅದನ್ನಿಳಿಸಿ, ಸಕ್ಕರೆಯ ಸರವನ್ನು ಮುರಿದು ಮಕ್ಕಳಿಗೆ ಹಂಚುತ್ತಾರೆ. ಅದೇ ಓಣಿಯ ಕನ್ನಡದ ಮನೆಗಳಲ್ಲಿ ಗುಡಿ ಇಲ್ಲ, ಬೇವಿನ ಗಡಿಗೆ ಇದೆ. ಸಕ್ಕರೆಯ ಸರ ಮಾತ್ರ ಎರಡೂ ಮನೆಯ ಮಕ್ಕಳ ಕೊರಳಲ್ಲಿದೆ.

1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಹಳೆಯ ಬೀದರ ಜಿಲ್ಲೆಯು ಮೂರು ಪಾಲಾಯಿತು. ಅಹಮದಪುರ, ನಿಲಂಗಾ, ಉದಗೀರ ತಾಲ್ಲೂಕುಗಳು ಮುಂಬಯಿ ರಾಜ್ಯಕ್ಕೂ, ನಾರಾಯಣಖೇಡ ಮತ್ತು ಜಹೀರಾಬಾದಿನ ಬಹುಭಾಗ ಆಂಧ್ರಪ್ರದೇಶಕ್ಕೂ ಸೇರಿದವು. ಬೀದರ, ಭಾಲ್ಕಿ, ಔರಾದಗಳು ಮೈಸೂರು ರಾಜ್ಯಕ್ಕೆ ಬಂದವು. ರೇಖೆಯೇನೋ ಎಳೆದಾಯಿತು, ಆದರೆ ಮಾಂಜರೆಯು ಆ ರೇಖೆಯನ್ನು ಓದಿಕೊಳ್ಳಲಿಲ್ಲ. ಬೀಡ ಸೀಮೆಯ ಬಾಲಾಘಾಟದ ಬೆಟ್ಟಗಳಲ್ಲಿ ಹುಟ್ಟಿ, ಬೀದರ ಜಿಲ್ಲೆಯನ್ನು ಹಾಯ್ದು, ತೆಲಂಗಾಣದಲ್ಲಿ ಗೋದಾವರಿಯನ್ನು ಸೇರುವ ಈ ನದಿಯು ಮೂರು ಭಾಷೆಗಳ ಹೊಲಗಳಿಗೂ ಒಂದೇ ಆಗಿದೆ. ಅದು ಬತ್ತಿದಾಗಲೂ ಮೂರು ಭಾಷೆಗಳಿಗೂ ಒಟ್ಟಿಗೇ ಬತ್ತುತ್ತದೆ.

ಈ ಮಾತು ಕೇವಲ ಅಲಂಕಾರವಲ್ಲ. ಔರಾದದಲ್ಲಿ ನಾವು ಕುಳಿತಿದ್ದ ಮನೆಯ ಹಿರಿಯರು, ಮರಾಠಿ ಮನೆಮಾತಿನ ರೈತರು, 2016ರ ಬೇಸಗೆಯ ಕಥೆಯನ್ನು ಹೇಳಿದರು. ಆ ವರ್ಷ ಏಪ್ರಿಲ್ 8ರಂದು ಯುಗಾದಿ. ಲಾತೂರಿಗೆ ನೀರೊದಗಿಸುತ್ತಿದ್ದ ಮಾಂಜರಾ ಜಲಾಶಯವು ಬತ್ತಿಹೋಗಿತ್ತು. ಮಿರಜದಿಂದ ಹತ್ತು ಟ್ಯಾಂಕುಗಳಲ್ಲಿ ಐದು ಲಕ್ಷ ಲೀಟರು ನೀರನ್ನು ಹೊತ್ತ ಮೊದಲ ರೈಲು ಲಾತೂರನ್ನು ತಲುಪಿದುದು ಏಪ್ರಿಲ್ 12ರಂದು. ಅದರ ಮರುದಿನವೇ ಮೇಷ ಸಂಕ್ರಾಂತಿ. ಅದೇ ವರ್ಷ ಥಾಯ್ ದೇಶದಲ್ಲೂ ಭೀಕರ ಬರವಿದ್ದು, ಹಬ್ಬದ ನೀರಾಟವನ್ನು ಮಿತಗೊಳಿಸಬೇಕೆಂದು ಅಲ್ಲಿಯ ಸರ್ಕಾರವು ಜನರನ್ನು ಬೇಡಿಕೊಂಡಿತ್ತು. ಕಪಿಲಬ್ರಹ್ಮನ ತಲೆಯು ಆ ವರ್ಷ ಎರಡೂ ದೇಶಗಳ ಮೇಲೆ ತೂಗಿದಂತಿತ್ತು! ಲಾತೂರಿನ ಕಡೆಯ ಬೀಗರು ಹಬ್ಬಕ್ಕೆ ಬಂದವರು ಹಿಂದಿರುಗುವಾಗ ಹೋಳಿಗೆಯ ಬುತ್ತಿಯ ಜತೆಗೆ ಎರಡು ಕ್ಯಾನು ನೀರನ್ನೂ ಒಯ್ದರೆಂದು ಆ ಹಿರಿಯರು ಹೇಳಿದರು. ಹೆಣ್ಣು ಕೊಟ್ಟ ಮನೆಗೆ ನೀರು ಹೊರಿಸಿ ಕಳಿಸಿದ ಯುಗಾದಿಯನ್ನು ಅವರು ಅದಕ್ಕೆ ಮೊದಲು ಕಂಡಿರಲಿಲ್ಲವಂತೆ.

ಪಾಡವಾದ ದಿನಕ್ಕೆ ಇನ್ನೊಂದು ಅರ್ಥವೂ ಉಂಟು. ಮರಾಠವಾಡೆಯಲ್ಲಿ ‘ಸಾಲಗಡಿ’ ಎಂಬ ವರ್ಷದ ಆಳಿನ ಕರಾರು ಪಾಡವಾದಿಂದ ಪಾಡವಾದವರೆಗೆ ನಡೆಯುತ್ತದೆ. ಒಡೆಯನಿಗೆ ಅದು ಪಂಚಾಂಗ ಕೇಳುವ ದಿನವಾದರೆ, ಆಳಿಗೆ ತನ್ನ ಮುಂದಿನ ವರ್ಷದ ಬೆಲೆ ಕೇಳುವ ದಿನ. ಹಬ್ಬದ ಬೇವಿನಲ್ಲಿ ಕಹಿಯ ಪಾಲು ಎಲ್ಲರಿಗೂ ಸಮನಾಗಿರುವುದಿಲ್ಲ ಎಂಬುದನ್ನು ಪ್ರವಾಸಿಯು ಮರೆಯಬಾರದು.

ಆ ಮನೆಯಿಂದ ಹೊರಡುವಾಗ ಬಾಗಿಲ ಬಳಿಯ ಬೇವಿನ ನೆರಳಲ್ಲಿ ಒದ್ದೆಬಟ್ಟೆ ಸುತ್ತಿದ ಎರಡು ಹರವಿಗಳನ್ನು ಕಂಡೆನು. ದಾರಿಹೋಕರಿಗಾಗಿ ಅವನ್ನು ಪಾಡವಾದಂದು ಇಟ್ಟರೆ ಮಿರಗದ ಮಳೆ ಬರುವವರೆಗೆ ತೆಗೆಯುವುದಿಲ್ಲವಂತೆ. ನಮ್ಮ ಹಳೆಯ ಶಾಸನಗಳಲ್ಲಿ ‘ಅರವಟ್ಟಿಗೆ’ಗೆ ದತ್ತಿ ಬಿಟ್ಟ ಸಂಗತಿಯನ್ನು ತರಗತಿಯಲ್ಲಿ ಪಾಠ ಹೇಳಿದವನು ನಾನು. ಶಾಸನದ ಆ ಶಬ್ದವು ಲಿಪಿಯಿಂದಿಳಿದು ಇಲ್ಲಿ ಹರವಿಯಾಗಿ ಕುಳಿತಿತ್ತು.

ಮೂರು ಝರಿಗಳು, ಮೂರು ಕಥೆಗಳು

ಔರಾದದಿಂದ ಕೌಠಾದ ಬಳಿ ಮತ್ತೆ ಮಾಂಜರೆಯನ್ನು ದಾಟಿ ಬೀದರಕ್ಕೆ ಬರುವ ರಸ್ತೆಯು ಕಡೆಯಲ್ಲಿ ಕೆಂಪು ಗುಡ್ಡವನ್ನು ಹತ್ತುತ್ತದೆ. ಈ ಗುಡ್ಡದಲ್ಲಿಯೇ ಬೀದರದ ರಹಸ್ಯವಿದೆ. ಮೇಲೆ ಜಂಬಿಟ್ಟಿಗೆ, ಕೆಳಗೆ ಕರಿಯ ಬಸಾಲ್ಟ್ ಬಂಡೆ. ಸುರಿದ ಮಳೆಯು ಸ್ಪಂಜಿನಂತಹ ಜಂಬಿಟ್ಟಿಗೆಯೊಳಗೆ ಇಂಗಿ, ಕರಿಬಂಡೆಯನ್ನು ಮುಟ್ಟಿ, ಮುಂದೆ ಇಳಿಯಲಾರದೆ ಅಡ್ಡವಾಗಿ ಹರಿದು ಗುಡ್ಡದ ಅಂಚಿನಲ್ಲಿ ಒಸರುತ್ತದೆ. ಇದನ್ನೇ ಅಲ್ಲಿ ‘ಝರಾ’, ‘ಝೀರಾ’ ಎನ್ನುತ್ತಾರೆ. ಸುತ್ತಲ ಬಯಲು ಕಾದ ಹೆಂಚಿನಂತಿರುವಾಗ ಬಂಡೆಯೊಳಗಿನಿಂದ ತಣ್ಣನೆಯ ಸಿಹಿನೀರು ಬಂದರೆ ಜನರು ಅದನ್ನು ಪವಾಡವೆನ್ನದೆ ಇನ್ನೇನೆಂದಾರು? ಬೀದರದ ಜನರು ಇಂತಹ ನೀರಿಗೆ ಕಥೆಗಳನ್ನು ಕಟ್ಟಿದ್ದಾರೆ. ಸೋಜಿಗವೇನೆಂದರೆ, ಬೇರೆಬೇರೆ ಮತಗಳವರು ಕಟ್ಟಿದ ಕಥೆಗಳ ತಿರುಳು ಒಂದೇ.

ಮೊದಲನೆಯದು ಝರಣೀ ನರಸಿಂಹನದು. ಬಂಡೆಯೊಳಗೆ ಕೊರೆದ ಸುಮಾರು ಮುನ್ನೂರು ಮೀಟರು ಉದ್ದದ ಸುರಂಗದಲ್ಲಿ ಎದೆಮಟ್ಟದ ನೀರನ್ನು ಹಾಯ್ದು ದೇವರ ದರ್ಶನ ಮಾಡಬೇಕು. ಝರಾಸುರನೆಂಬ ರಾಕ್ಷಸನು ನರಸಿಂಹನಿಂದ ಹತನಾಗುವಾಗ, ತನ್ನೊಡನೆಯೇ ಈ ಗುಹೆಯಲ್ಲಿ ನೆಲಸಬೇಕೆಂದು ಬೇಡಿಕೊಂಡನಂತೆ. ದೇವರು ಒಪ್ಪಿದನು, ರಾಕ್ಷಸನು ನೀರಾಗಿ ಅವನ ಪಾದದ ಬಳಿ ಹರಿದನು. ವೈರಿಯೂ ನೀರಾದರೆ ಪೂಜ್ಯನಾಗುವ ಈ ಕಲ್ಪನೆಯು ಬಾಯಾರಿದ ನಾಡಿನಲ್ಲಲ್ಲದೆ ಬೇರೆಲ್ಲಿಯೂ ಹುಟ್ಟಲಾರದು.

ಎರಡನೆಯದು ಅಷ್ಟೂರಿನ ಸುಲ್ತಾನನದು. ಏಪ್ರಿಲ್ 11ರ ರಮಜಾನ್ ಹಬ್ಬವನ್ನು ಹಳೆಯ ಪೇಟೆಯಲ್ಲಿ ನೋಡಿದೆನು. ಬೇಸಗೆಯ ಬಿಸಿಲಿನಲ್ಲಿ ಒಂದು ತಿಂಗಳು ಸೂರ್ಯೋದಯಕ್ಕೆ ಮುಂಚಿನಿಂದ ಸೂರ್ಯಾಸ್ತದವರೆಗೆ ಹನಿ ನೀರನ್ನೂ ಮುಟ್ಟದಿದ್ದ ಜನ ಅಂದು ಮನೆಗೆ ಬಂದವರಿಗೆಲ್ಲ ಶೀರ್‌ಖುರ್ಮಾ ಬಟ್ಟಲುಗಳನ್ನು ನೀಡುತ್ತಿದ್ದರು. ನನಗೆ ಮೊದಲು ಬಂದುದು ಮಾತ್ರ ತಣ್ಣನೆಯ ನೀರಿನ ಲೋಟ. ಬಾಯಾರಿಕೆಯನ್ನು ವ್ರತವಾಗಿ ಹಿಡಿದವರಿಗೆ ಪರರ ಬಾಯಾರಿಕೆ ಬೇಗ ತಿಳಿಯುತ್ತದೆ. ಮರುದಿನ ಊರಿನ ಪೂರ್ವಕ್ಕಿರುವ ಅಷ್ಟೂರಿಗೆ ಹೋದೆನು. 1422ರಿಂದ 1436ರವರೆಗೆ ಆಳಿ, ಬಹಮನಿ ರಾಜಧಾನಿಯನ್ನು ಕಲಬುರಗಿಯಿಂದ ಬೀದರಕ್ಕೆ ತಂದ ಅಹಮದ್ ಶಹನ ಗೋರಿ ಅಲ್ಲಿದೆ. ಒಳಗಿನ ಗೋಡೆ ಗುಮ್ಮಟಗಳ ತುಂಬ ಕೆಂಪು ಕಪ್ಪು ನೆಲೆಗಳ ಮೇಲೆ ಬಂಗಾರದ ಬರೆಹಗಳು. ಅವನ ಆಳ್ವಿಕೆಯ ಮೊದಲ ವರ್ಷಗಳಲ್ಲಿ ಬರಗಾಲ ಬಂದಿತೆಂದೂ, ಸುಲ್ತಾನನು ದಿಬ್ಬವೊಂದನ್ನೇರಿ ಪ್ರಾರ್ಥಿಸಲು ಮಳೆ ಸುರಿಯಿತೆಂದೂ, ಅಂದಿನಿಂದ ಜನರು ಅವನನ್ನು ‘ವಲಿ’, ಎಂದರೆ ಸಂತ, ಎಂದು ಕರೆದರೆಂದೂ ಇತಿಹಾಸಕಾರ ಫರಿಶ್ತಾ ಹೇಳುತ್ತಾನೆ. ದಂಡಯಾತ್ರೆಗಳಿಗಾಗಿ ಯಾರೂ ಅವನನ್ನು ಪೂಜಿಸಲಿಲ್ಲ. ಮಳೆ ತಂದನೆಂದು ಪೂಜಿಸಿದರು.

ಅವನ ಉರುಸು ನಡೆಯುವುದು ಹಿಜರಿ ಪಂಚಾಂಗದಂತೆ ಅಲ್ಲ. ಹೋಳಿ ಹುಣ್ಣಿಮೆಯಿಂದ ಎಣಿಸಿ ಇಪ್ಪತ್ತನೆಯ ದಿನದ ಹೊತ್ತಿಗೆ, ಎಂದರೆ ಯುಗಾದಿಯ ಬೆನ್ನಿಗೇ, ಅದು ಬರುತ್ತದೆ. ಕಲಬುರಗಿ ಜಿಲ್ಲೆಯ ಮಾಡ್ಯಾಳದ ಜಂಗಮರು ತಮ್ಮ ಪರಿವಾರದೊಡನೆ ಬಂದು ಉತ್ಸವದಲ್ಲಿ ಮುಂದಾಗುವ ಪದ್ಧತಿಯನ್ನು ಗುಲಾಂ ಯಜ್ದಾನಿಯವರು 1947ರಲ್ಲಿ ಪ್ರಕಟವಾದ ತಮ್ಮ ಬೀದರ ಗ್ರಂಥದಲ್ಲಿ ದಾಖಲಿಸಿದ್ದಾರೆ. ಸುತ್ತಲ ಹಳ್ಳಿಗಳ ಲಿಂಗಾಯತರು ಈ ಸುಲ್ತಾನನನ್ನು ಅಲ್ಲಮಪ್ರಭುವಿನ ಅವತಾರವೆಂದು ನಂಬುತ್ತಾರೆ. ನಾನು ಹೋದಾಗ ಜಾತ್ರೆಯ ಅಂಗಡಿಗಳಿಗೆ ಗಳು ನೆಡುತ್ತಿದ್ದರು. ಗೋರಿಯ ಕಟ್ಟೆಯ ಮೇಲೆ ಕುಳಿತಿದ್ದ ಹಳ್ಳಿಯ ಮುದುಕಿಯೊಬ್ಬಳನ್ನು, “ಯಾರಿಗವ್ವಾ ಈ ಕಾಯಿ?” ಎಂದು ಕೇಳಲು, “ಅಲ್ಲಮಪ್ರಭೂಗರಿ. ಮಳಿ ಕೊಟ್ಟಾಂವ ಅವನೇ ಅಲ್ಲೇನ್ರಿ” ಎಂದಳು. ಅವಳ ಪಕ್ಕದಲ್ಲಿ ಫಾತೆಹಾ ಓದಿಸಲು ಕಾದಿದ್ದ ಸಂಸಾರವೊಂದು ಅದನ್ನು ಕೇಳಿ ತಲೆಯಾಡಿಸಿತು. ತತ್ತ್ವಜ್ಞಾನಿಗಳು ಬಗೆಹರಿಸಲಾರದ ಪ್ರಶ್ನೆಯು ಅಲ್ಲಿ ಪ್ರಶ್ನೆಯಾಗಿಯೇ ಉಳಿದಿರಲಿಲ್ಲ.

ಇದೇ ಕಾಲದ ಬೀದರವು ಪ್ರಾರ್ಥನೆಯೊಂದನ್ನೇ ನಂಬಿ ಕೂಡಲಿಲ್ಲವೆಂಬುದನ್ನೂ ಹೇಳಬೇಕು. ಹದಿನೈದನೆಯ ಶತಮಾನದಲ್ಲಿ ಇರಾನಿನ ಕುಶಲಿಗಳ ವಿದ್ಯೆಯಿಂದ ನೌಬಾದದ ಬಳಿ ‘ಕರೇಜ್’ ಎಂಬ ಸುರಂಗಬಾವಿಗಳ ಸಾಲನ್ನು ತೋಡಲಾಯಿತು. ನೆಲದೊಳಗೆ ಇಳಿಜಾರಾಗಿ ಸಾಗುವ ಕಾಲುವೆ, ಅಲ್ಲಲ್ಲಿ ಗಾಳಿಬೆಳಕಿಗೂ ನೀರು ಸೇದುವುದಕ್ಕೂ ಬಾವಿಗಳು; ಯಂತ್ರವಿಲ್ಲದೆ, ಬಿಸಿಲಿಗೆ ಆರಿಹೋಗದೆ ನೀರು ತಾನಾಗಿ ಹರಿದು ಬರುವ ಏರ್ಪಾಟು. ಶತಮಾನಗಳ ಅಲಕ್ಷ್ಯದಿಂದ ಹೂಳು ತುಂಬಿದ್ದ ಅದನ್ನು ಈಚಿನ ದಶಕದಲ್ಲಿ ತೆರವು ಮಾಡುವ ಕೆಲಸ ನಡೆದಿದೆ. ಪವಾಡವನ್ನು ಕಾಯುವುದಕ್ಕೂ ಸಲಿಕೆ ಬೇಕಾಗುತ್ತದೆ.

ಬೈಸಾಖಿಯ ಅಮೃತ

ಮೂರನೆಯ ಕಥೆಯು ಗುರುನಾನಕ್ ಝೀರಾದ್ದು. ಹದಿನಾರನೆಯ ಶತಮಾನದ ಆರಂಭದಲ್ಲಿ ದಕ್ಷಿಣದ ಯಾತ್ರೆಗೆ ಬಂದ ಗುರುನಾನಕರು ಬೀದರದ ಹೊರಗೆ ತಂಗಿದರೆಂದೂ, ಇಲ್ಲಿಯ ನೀರು ಉಪ್ಪೆಂದು ಜನರು ಗೋಳಿಡಲು ಗುರುಗಳು ಗುಡ್ಡದ ಕಲ್ಲೊಂದನ್ನು ಪಾದುಕೆಯಿಂದ ಸರಿಸಲು ಸಿಹಿನೀರು ಚಿಮ್ಮಿತೆಂದೂ ಐತಿಹ್ಯ. ಆ ಝರಿಯ ಬಳಿ 1948ರಲ್ಲಿ ಗುರುದ್ವಾರವನ್ನು ಕಟ್ಟಲಾಯಿತು.

ಏಪ್ರಿಲ್ 13ರ ಮುಂಜಾನೆ, ಥಾಯ್ ದೇಶದ ಬೀದಿಗಳಲ್ಲಿ ನೀರಾಟವು ಆರಂಭವಾಗುವ ಹೊತ್ತಿನಲ್ಲಿ, ನಾನು ಇಲ್ಲಿದ್ದೆನು. ಬಂದವರು ಕುಂಡದಲ್ಲಿ ಕಾಲು ತೊಳೆದು, ತಲೆಗೆ ವಸ್ತ್ರ ಸುತ್ತಿ, ಝರಿಯ ನೀರನ್ನು ಬೊಗಸೆಯಲ್ಲಿ ಹಿಡಿದು ಕುಡಿದು ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಪಗಡಿ ಕಟ್ಟಿದವರಷ್ಟೇ ಸಂಖ್ಯೆಯಲ್ಲಿ ಇಳಕಲ್ಲು ಸೀರೆಯವರೂ ಧೋತರ ಟೋಪಿಯವರೂ ಇದ್ದರು. ಲಂಗರಿನ ಪಂಕ್ತಿಯಲ್ಲಿ ನನ್ನ ಎಡಕ್ಕೆ ಅಮೃತಸರದಿಂದ ಬಂದ ವೃದ್ಧರು. ಬಲಕ್ಕೆ ಔರಾದದ ಕಡೆಯ ಗೌಂಡಿಯೊಬ್ಬರು. ಹದಿಹರೆಯದ ಹುಡುಗನೊಬ್ಬನು ಬಕೆಟ್ಟು ಹಿಡಿದು ಸಾಲಿನುದ್ದಕ್ಕೂ “ಜಲ್ ಜೀ, ಜಲ್ ಜೀ” ಎಂದು ಕೂಗುತ್ತ ಲೋಟಗಳನ್ನು ತುಂಬಿಸುತ್ತಿದ್ದನು.

ಬೈಸಾಖಿಗೂ ಬೀದರಕ್ಕೂ ಇರುವ ಸಂಬಂಧ ಝರಿಯೊಂದರಿಂದಲೇ ಅಲ್ಲ. 1699ರ ಬೈಸಾಖಿಯಂದು ಆನಂದಪುರದಲ್ಲಿ ಗುರುಗೋವಿಂದಸಿಂಹರು ತಲೆಯನ್ನರ್ಪಿಸುವವರು ಯಾರೆಂದು ಸಭೆಯನ್ನು ಕೇಳಿದಾಗ ಎದ್ದು ನಿಂತ ಐವರಲ್ಲಿ, ಲಾಹೋರಿನ ಒಬ್ಬನ, ಪುರಿಯ ಒಬ್ಬನ, ದ್ವಾರಕೆಯ ಒಬ್ಬನ ಜತೆಗೆ, ಬೀದರದ ಕ್ಷೌರಿಕ ಕುಲದ ಸಾಹಿಬ್‌ಚಂದನೂ ಒಬ್ಬನು. ಅವನೇ ಭಾಯಿ ಸಾಹಿಬ್‌ಸಿಂಹನಾಗಿ ‘ಪಂಚಪ್ಯಾರೆ’ಗಳಲ್ಲಿ ಸೇರಿದನು. ಅಂದು ಅವರಿಗೆ ಕೊಟ್ಟ ಅಮೃತವು ಕಬ್ಬಿಣದ ಪಾತ್ರೆಯ ನೀರು. ಖಡ್ಗದಿಂದ ಕಲಕುತ್ತಿದ್ದಾಗ ಅದಕ್ಕೆ ಸಕ್ಕರೆಯ ಬತ್ತಾಸುಗಳನ್ನು ಬೆರೆಸಲಾಯಿತು. ಐದು ಊರುಗಳ, ಐದು ಕುಲಗಳ ಜನ ಒಂದೇ ಪಾತ್ರೆಯಿಂದ ಕುಡಿದರು. ಒಬ್ಬರ ಕೈಯ ನೀರನ್ನು ಇನ್ನೊಬ್ಬರು ಮುಟ್ಟದ ದೇಶದಲ್ಲಿ ಅದಕ್ಕಿಂತ ದೊಡ್ಡ ಕ್ರಾಂತಿಯಿರಲಾರದು. ಅದರ ಮರುದಿನ, ಏಪ್ರಿಲ್ 14ರಂದು, ಬೀದರದ ಬೀದಿಗಳಲ್ಲಿ ನೀಲಿಯ ಬಾವುಟಗಳ ಮೆರವಣಿಗೆಯನ್ನು ಕಂಡೆನು. 1927ರಲ್ಲಿ ಮಹಾಡದ ಚೌದಾರ್ ಕೆರೆಯ ನೀರನ್ನು ಬೊಗಸೆಯಲ್ಲೆತ್ತಿ ಕುಡಿದ ಅಂಬೇಡ್ಕರರ ಜಯಂತಿ ಅದು. ಅಂದಿನ ಬಿಸಿಲಿನಲ್ಲಿ ಮೆರವಣಿಗೆಯವರಿಗೆ ಮಜ್ಜಿಗೆ ನೀರು ಹಂಚುತ್ತಿದ್ದ ಚಪ್ಪರಗಳಲ್ಲಿ ಯಾರು ಯಾವ ಕುಲದವರೆಂದು ಕೇಳುವವರಿರಲಿಲ್ಲ. ಆ ಕೇಳದಿರುವಿಕೆಯ ಹಿಂದೆ ಎಷ್ಟು ಹೋರಾಟವಿದೆಯೆಂಬುದನ್ನು ಬಲ್ಲವರು ಮಾತ್ರ ಆ ಲೋಟದ ಬೆಲೆಯನ್ನು ಅರಿಯಬಲ್ಲರು.

ಈ ವಾರದ ಅನುಭವವನ್ನು ಒಟ್ಟಿಗೆ ನೋಡಿದಾಗ ನನಗೆ ತೋರಿದುದು ಇಷ್ಟೆ. ಇರಾನಿನ ಸಂತರನ್ನು ಮನ್ನಿಸಿದ ಸುಲ್ತಾನನಾಗಲಿ, ಪಂಜಾಬಿನಿಂದ ಬಂದ ಗುರುವಾಗಲಿ, ಪುರಾಣದ ರಾಕ್ಷಸನೇ ಆಗಲಿ, ನೀರು ಕೊಟ್ಟವನನ್ನು ಬೀದರವು ತನ್ನವನೆಂದು ಒಪ್ಪಿಕೊಂಡಿದೆ. ಎಲ್ಲಿಂದ ಬಂದೆ, ಯಾವ ಭಾಷೆ, ಯಾವ ಮತ ಎಂಬ ಪ್ರಶ್ನೆಗಳಿಗಿಂತ ಮುಂಚೆ ಆ ನಾಡು ಕೇಳುವ ಪ್ರಶ್ನೆ: ನೀರು ಕುಡಿಸಿದೆಯಾ? ‘ಬರ್ರಿ, ನೀರು ಕುಡೀರಿ’ ಎಂದು ಕನ್ನಡದಲ್ಲೂ, ‘ಪಾಣೀ ಘ್ಯಾ’ ಎಂದು ಮರಾಠಿಯಲ್ಲೂ, ‘ಪಾನಿ ಪೀಜಿಯೇ’ ಎಂದು ಉರ್ದುವಿನಲ್ಲೂ ನನಗೆ ಬಂದ ಮೊದಲ ಮಾತು ಒಂದೇ ಆಗಿತ್ತು. ಸಮೃದ್ಧಿಯಲ್ಲಿ ಹಂಚುವುದು ಸುಲಭ. ಕೊರತೆಯ ತಿಂಗಳಲ್ಲೇ ವರ್ಷವನ್ನು ಆರಂಭಿಸಿ, ಇರುವ ಒಂದು ಗಡಿಗೆಯನ್ನು ಬಂದವರಿಗೆಲ್ಲ ಬಾಗಿಸುವುದು ಒಂದು ಸಂಸ್ಕೃತಿ.

ಈ ಸಂಸ್ಕೃತಿಗೆ ಅಪಾಯವಿಲ್ಲವೆಂದು ಹೇಳಲಾರೆನು. ಬಸ್ ನಿಲ್ದಾಣಗಳಲ್ಲಿ ಹರವಿಗಳ ಸ್ಥಾನಕ್ಕೆ ಬಾಟಲಿಗಳು ಬಂದಿವೆ. ಕೊಳವೆಬಾವಿಗಳು ವರ್ಷದಿಂದ ವರ್ಷಕ್ಕೆ ಆಳಕ್ಕಿಳಿಯುತ್ತಿವೆ. ಜಂಬಿಟ್ಟಿಗೆಯ ಮೇಲೆ ಕಾಂಕ್ರೀಟು ಹರಡಿದಷ್ಟೂ ಮಳೆಯು ಇಂಗುವುದು ಕಡಮೆಯಾಗಿ, ಝರಿಗಳು ಸೊರಗುವುದು ನಿಶ್ಚಯ. ಆಗ ಕಥೆಗಳು ಮಾತ್ರ ಉಳಿದಾವು; ಕಥೆಯನ್ನು ಬೊಗಸೆಯಲ್ಲಿ ಹಿಡಿದು ಕುಡಿಯಲು ಬಾರದು. ಥಾಯ್ ಕಥೆಯ ಏಳು ಹೆಣ್ಣುಮಕ್ಕಳು ತಂದೆಯ ತಲೆಯನ್ನು ನೆಲಕ್ಕೆ ಬೀಳಗೊಡದೆ ಹೊತ್ತು ನಿಂತಂತೆ, ಪ್ರತಿ ವರ್ಷವೂ ಯಾರಾದರೊಬ್ಬರು ಈ ಭಾರಕ್ಕೆ ಹೆಗಲು ಕೊಡಬೇಕಾಗಿದೆ. ಭಾಲ್ಕಿಯ ಆ ತಾಯಿ, ಔರಾದದ ಆ ರೈತರು, ಝೀರಾದ ಬಕೆಟ್ಟಿನ ಹುಡುಗ ತಮ್ಮ ಪಾಲಿನದನ್ನು ಹೊತ್ತಿದ್ದಾರೆ. ಕ್ರೋಧಿ ಸಂವತ್ಸರದ ಮಳೆಗಾಲಕ್ಕೆ ಆಗಿನ್ನೂ ಎರಡು ತಿಂಗಳಿತ್ತು. ಹರವಿಗಳು ಮಾತ್ರ ಅಂದೇ ತುಂಬಿದ್ದವು.